ಮೀನುಬುಟ್ಟಿಯ ಮುಚ್ಚಳ

ನಲವತ್ತಮೂರು ಡಬ್ಬಿ. ಲೆಕ್ಕ ನನ್ನದೇ.
ಗುರುವಾರ ಗುರುವಾರ, ಅಸರ್ ಬಾಂಗಿನ ಮೇಲೆ,
ಗಾಜಿನ ಕಪಾಟಿನ ಬೀಗ ತೆಗೆದು
ತೀರಿಹೋದ ಯಜಮಾನರ ಕ್ಷೌರದ ಬ್ರಷ್ಷಿನಲ್ಲಿ
ಒಂದೊಂದರ ಧೂಳು ತೆಗೆಯುತ್ತೇನೆ.
ಮುಹರ್ರಕ್ಕಿನ ಗಾಳಿಗೆ ಕಪಾಟೆಂದರೆ ಲೆಕ್ಕಕ್ಕಿಲ್ಲ,
ಬೀಗದ ಕಣ್ಣಲ್ಲೂ ಮರಳು ನುಗ್ಗಿಸುತ್ತದೆ.

ಎಲ್ಲ ಪಿಂಗಾಣಿ. ಹೆಬ್ಬೆರಳಿಗಿಂತ ತುಸು ದೊಡ್ಡವು.
ಟೆನಿಸ್ ರಾಕೆಟ್ಟು: ಮುಚ್ಚಳ ಎತ್ತಿದರೆ
ಒಳಗೆ ಮೆಣಸಿನ ಕಾಳಿನಷ್ಟು ಹಳದಿ ಚೆಂಡು.
ಗಾಲ್ಫಿನ ಚೀಲ, ಅದರ ಕೊಂಡಿಯೂ ಒಂದು ಪುಟ್ಟ ದಾಂಡು.
ಚದುರಂಗದ ಮಣೆಯೊಳಗೆ ಒಂಟಿ ಕುದುರೆ, ಎದುರಾಳಿಯಿಲ್ಲ.
ಹೊಲಿಗೆ ಮಿಷನ್ನು. ಚಿತ್ರ ಬರೆಯುವವರ ಹಲಗೆ,
ಆರು ಬಣ್ಣದ ಆರು ಚುಕ್ಕಿ, ಒಣಗಿದ್ದೂ ಅಲ್ಲ, ಹಸಿಯೂ ಅಲ್ಲ.
ಹಿಮದ ಮೇಲೆ ಜಾರುವ ಬೂಟು ಕೂಡ ಇದೆ,
ಈ ಊರಲ್ಲಿ! ಈ ಬಿಸಿಲಲ್ಲಿ!

ಯಜಮಾನರು ಒಂದು ಆಟವನ್ನೂ ಆಡಿದವರಲ್ಲವಂತೆ.
ಎಡಮಂಡಿ ಹುಟ್ಟಿನಿಂದಲೇ ಮಡಚುತ್ತಿರಲಿಲ್ಲ.
ಫ್ರಾನ್ಸಿಗೆ ವ್ಯಾಪಾರಕ್ಕೆ ಹೋದಾಗಲೆಲ್ಲ
ಆಡಲಾಗದ ಒಂದು ಆಟ ಕೊಂಡು ತರುತ್ತಿದ್ದರು,
ಹತ್ತಿಯಲ್ಲಿ ಸುತ್ತಿ, ಎದೆಯ ಜೇಬಲ್ಲಿ.

"ನೀನೇನು ಆಡ್ತಿದ್ದೆ, ಜಲಜಾ?"
ಮಾಮಾ ಲೂಲುವಾ ಸೋಫಾದಿಂದ ಕೇಳುತ್ತಾರೆ,
ಅರ್ಧ ಅರಬ್ಬಿ, ಕಾಲು ನಾನು ಕಲಿಸಿದ ಕನ್ನಡ,
ಉಳಿದ ಕಾಲು ಕೈಸನ್ನೆ.
ಕಬಡ್ಡಿ, ಎಂದೆ.
"ಅದರದ್ದೊಂದು ಡಬ್ಬಿ ಇದೆಯಾ ನೋಡು."
ಎಲ್ಲಿಂದ ಬರಬೇಕು? ಬ್ಯಾಟಿಲ್ಲ, ಬಾಲಿಲ್ಲ, ಬೂಟಿಲ್ಲ.
ಮೂಡಬಿದಿರೆಯ ಹಾಸ್ಟೆಲಿನ ಹಿಂದೆ
ಸುಣ್ಣದಲ್ಲಿ ಎಳೆದ ಗೆರೆ, ಏಳು ಹುಡುಗಿಯರು, ಒಂದು ಉಸಿರು.
ಮುಚ್ಚಳ ತೆಗೆದರೆ ಕಾಣುವಂಥದ್ದು ಏನೂ ಇಲ್ಲ, ಮಾಮಾ.
ಉಸಿರು ಹಿಡಿದು ಎದುರಿನವರ ಅಂಕಣಕ್ಕೆ ಹೋಗಿ
ಯಾರನ್ನಾದರೂ ಮುಟ್ಟಿ ವಾಪಸು ಬರಬೇಕು, ಅಷ್ಟೆ.

ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ, "ಆ ಮೀನುಬುಟ್ಟಿ ತಾ."

ಬೆತ್ತದ ಹೆಣಿಗೆಯ ಹಾಗೆ ಬಣ್ಣ ಬರೆದದ್ದು,
ಗಾಳದ ಆಕಾರದ ಹಿತ್ತಾಳೆ ಕೊಂಡಿ. ಬಲು ಬಿಗಿ.
ಮುರಿದೀತೆಂದು ಎರಡು ವರ್ಷದಲ್ಲಿ ನಾನು ತೆಗೆದೇ ಇರಲಿಲ್ಲ.
ಅವರು ಉಗುರು ಕೊಟ್ಟು ಮೀಟಿದರು.
ಮೀನಿಲ್ಲ. ಇದ್ದದ್ದು ಒಂದು ಚಿಮಟ,
ಬಟ್ಟೆ ಒಣಹಾಕುವ ಕ್ಲಿಪ್ಪಿನ ಮುತ್ತಜ್ಜನ ಹಾಗೆ,
ಆಮೆಚಿಪ್ಪಿನದು, ಅಂಚು ಸವೆದದ್ದು.

ಮೂಗಿಗೆ. ಅವರ ಅಜ್ಜನ ಮೂಗಿಗೆ.
ಮುತ್ತಿಗೆ ಮುಳುಗುತ್ತಿದ್ದವನು. ಕಾಲಿಗೆ ಕಲ್ಲು,
ಸೊಂಟಕ್ಕೆ ಹಗ್ಗ, ಮೇಲೆ ದೋಣಿಯಲ್ಲಿ ಹಗ್ಗ ಹಿಡಿದವನೊಬ್ಬ.
"ಇದು ಆಟವಲ್ಲ" ಎಂದರು. "ಸಾಲ.
ಅವನ ಉಸಿರು ನಾಖುದಾನ ಖಾತೆಯಲ್ಲಿತ್ತು.
ಪಿಂಗಾಣಿ ಮೀನನ್ನು ನನ್ನ ಮಗ ನುಂಗಿದ, ಮೂರು ವರ್ಷದವನಿದ್ದಾಗ.
ಬುಟ್ಟಿ ಖಾಲಿ ಇರಬಾರದಲ್ಲ."

ಆಮೇಲೆ ಆದದ್ದನ್ನು ಯಾರಿಗೂ ಹೇಳಿಲ್ಲ.
ಎಪ್ಪತ್ತೊಂದರ ಹೆಂಗಸು ಆ ಚಿಮಟವನ್ನು
ಮೂಗಿಗೆ ಸಿಕ್ಕಿಸಿಕೊಂಡು, ಶಾಲಿನ ತುದಿ ಸೊಂಟಕ್ಕೆ ಬಿಗಿದು
ಇನ್ನೊಂದು ತುದಿ ನನ್ನ ಕೈಗಿತ್ತು
"ಜಗ್ಗಿದರೆ ಎಳಿ" ಎಂದು ಕಣ್ಣು ಮುಚ್ಚಿದರು.
ನಾನೂ ಶುರು ಮಾಡಿದೆ, ಮೆಲ್ಲಗೆ, ಕೆಳಗೆ ಡ್ರೈವರ್ ಇದ್ದಾನೆ,
ಕಬಡ್ಡಿ ಕಬಡ್ಡಿ ಕಬಡ್ಡಿ
ಏಸಿಯ ಗುಂಯ್, ಗೋಡೆ ಗಡಿಯಾರದ ಮುಳ್ಳು
ಕಬಡ್ಡಿ ಕಬಡ್ಡಿ
ಒಳಗೆಲ್ಲೋ ಹತ್ತೊಂಬತ್ತರ ಹುಡುಗಿ ತೊಡೆ ತಟ್ಟಿದಳು
ಕಬಡ್ಡಿ
ಗೆದ್ದೇಬಿಟ್ಟೆ ಎನ್ನುವಷ್ಟರಲ್ಲಿ ನೋಡುತ್ತೇನೆ,
ಶಾಲು ಜಗ್ಗುತ್ತಿದೆ. ಎಷ್ಟು ಹೊತ್ತಿನಿಂದಲೋ.

ನಮ್ಮ ಆಟದಲ್ಲಿ ಎಳೆದು ಹಿಡಿದರೆ ಔಟು.
ಅವರದರಲ್ಲಿ, ಎಳೆಯದಿದ್ದರೆ.

ಎಳೆದೆ. ಸೋಫಾದ ಅಂಚಿಗೆ ಬಂದು ಬಿದ್ದರು,
ಕೆಮ್ಮಿ, ನಕ್ಕು, ಕಣ್ಣು ಒರೆಸಿಕೊಂಡು,
ಕೆಲಸಕ್ಕೆ ಬಾರದ ಹಗ್ಗದವಳು ಎಂದು ಬೈದರು.
ಎಷ್ಟಾಯಿತು ಎಂದು ಕೇಳಿದರು.
ಮುಳ್ಳು ನೋಡಿದ್ದೆಲ್ಲ ಮರೆತಿತ್ತು. ಒಂದು ನಿಮಿಷ, ಎಂದೆ.
"ಸುಳ್ಳಿ" ಎಂದರು, ಅಚ್ಚ ಕನ್ನಡದಲ್ಲಿ.

ಚಿಮಟ ಬುಟ್ಟಿಗೆ ಹೋಯಿತು. ಕೊಂಡಿ ಈಗ ಸರಿಯಾಗಿ ಕೂರುವುದಿಲ್ಲ.
ಗುರುವಾರ ಬ್ರಷ್ಷು ಆಡಿಸುವಾಗ
ಮುಚ್ಚಳ ತುಸು ಏಳುತ್ತದೆ,
ಇಳಿಯುತ್ತದೆ.